ಒಂದು ಕೆಮ್ಮಿಗೆ ಒಪ್ಪಿಗೆ

ಹಿನಕಲ್ಲಿನ ಮಗ್ಗುಲಿಗೆ ಅಂಟಿಕೊಂಡಿರುವ ಕರೀಕಲ್ಲುಕೊಪ್ಪಲಿನಲ್ಲಿ ನಿಂತು ‘ಅಧ್ಯಕ್ಷರ ಮನೆ ಯಾವುದು’ ಎಂದು ಕೇಳಿದರೆ ಜನ ಈಗಲೂ ಕೆಂಪಯ್ಯನವರ ಮನೆಯನ್ನೇ ತೋರಿಸುತ್ತಾರೆ. ಕೆಂಪಯ್ಯನವರು ಹುಟ್ಟಿದಾರಭ್ಯ ಒಂದು ಚುನಾವಣೆಗೂ ನಿಂತವರಲ್ಲ. ನಿಂತು ಗೆದ್ದವರು ಅವರ ಹೆಂಡತಿ ದೇವಿರಮ್ಮನವರು. ದಿಲ್ಲಿಯಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ, ಊರಿನ ಅಧಿಕಾರ ಊರಿಗೇ ಬರಬೇಕು, ಅದರಲ್ಲಿ ಹೆಂಗಸರಿಗೂ ಪಾಲಿರಬೇಕು ಎಂದು ಕಾನೂನಾಯಿತಲ್ಲ, ಆ ಕಾನೂನು ಊರೂರು ಸುತ್ತಿಕೊಂಡು ಒಂದು ಸಲ ಕೊಪ್ಪಲಿನ ಪಂಚಾಯಿತಿಗೂ ಬಂದು, ಅಧ್ಯಕ್ಷಸ್ಥಾನ ಮಹಿಳೆಗೆ ಎಂದಾಯಿತು. ಅಷ್ಟು ದೂರದಿಂದ ಬಂದ ಕಾನೂನು ಕೆಂಪಯ್ಯನವರ ಮನೆ ಬಾಗಿಲವರೆಗೂ ತಲುಪಿತು, ಹೊಸಿಲು ಮಾತ್ರ ದಾಟಲಿಲ್ಲ. ದೇವಿರಮ್ಮ ಗೆದ್ದರು, ಕೆಂಪಯ್ಯ ಅಧ್ಯಕ್ಷರಾದರು. ರುಜು ಅವರದು, ಕುರ್ಚಿ ಇವರದು. ಆಗಸ್ಟ್ ಹದಿನೈದಕ್ಕೆ ಬಾವುಟದ ಹಗ್ಗ ಎಳೆದವರೂ ಇವರೇ. ದೇವಿರಮ್ಮ ಪಕ್ಕದಲ್ಲಿ ಬೂಂದಿ ತಟ್ಟೆ ಹಿಡಿದುಕೊಂಡು ನಿಂತಿದ್ದರು.

ಆಮೇಲೆ ಮೈಸೂರು ಬೆಳೆದೂ ಬೆಳೆದೂ ಕೊಪ್ಪಲನ್ನು ನುಂಗಿತು. ಹೊಲ ಹೋಗಿ ಸೈಟು ಬಂತು, ಪಂಚಾಯಿತಿ ಹೋಗಿ ನಗರಸಭೆಯ ವಾರ್ಡು ಬಂತು. ಬಾರದೆ ಉಳಿದದ್ದು ಚುನಾವಣೆ ಒಂದೇ. ಕೆಂಪಯ್ಯನವರು ದಿನಾ ಬೆಳಿಗ್ಗೆ ಬಿಳೀ ಷರಟು ತೊಟ್ಟು ಸರ್ಕಲ್ಲಿನ ಟೀ ಅಂಗಡಿಗೆ ಹೋಗಿ ವಿಕೇಂದ್ರೀಕರಣದ ಮೇಲೆ ಮಾತಾಡಿ ಬರುತ್ತಿದ್ದರು. “ಕೆಲ್ಸ ಎಲ್ಲಾ ನಮಗೆ ವಹಿಸ್ತಾರಂತೆ, ದುಡ್ಡು ಮಾತ್ರ ಬೆಂಗ್ಳೂರಲ್ಲೇ ಮಡೀಕತ್ತಾರಂತೆ. ದೇವರು ವರ ಕೊಟ್ರೂ ಪೂಜಾರಿ ಕೊಡ ಅಂದಂಗಾಯ್ತು.” ಟೀ ಅಂಗಡಿಯವರು ಹೌದೌದು ಎನ್ನುತ್ತಿದ್ದರು. ಮನೆಗೆ ಬಂದರೆ ನೀರಿನ ಮೋಟರು ಯಾವಾಗ ಹಾಕಬೇಕು, ಮಧ್ಯಾಹ್ನಕ್ಕೆ ಯಾವ ಸಾರು, ಟಿವಿಯಲ್ಲಿ ಯಾವ ಚಾನೆಲು ಎಲ್ಲಕ್ಕೂ ಅವರದೇ ಅಪ್ಪಣೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಸೊಸೆ ಶಾಲಿನಿ ಒಂದು ಸಲ ಮೆಲ್ಲಗೆ ಅಂದದ್ದುಂಟು. ಕೆಂಪಯ್ಯನವರಿಗೆ ಕೇಳಿಸಿದ್ದು ಉತ್ತರಾರ್ಧ ಮಾತ್ರ, ಸಂತೋಷಪಟ್ಟುಕೊಂಡಿದ್ದರು.

ಕೊನೆಗೂ ಒಂದು ಬೆಳಿಗ್ಗೆ ಪೇಪರಿನಲ್ಲಿ ಮೀಸಲಾತಿಯ ಕರಡುಪಟ್ಟಿ ಬಂತು. ದೇವಿರಮ್ಮ ಒಲೆ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಕೆಂಪಯ್ಯನವರು ಪೇಪರು ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೇ ಬಂದರು.

“ಏ ಇವ್ಳೇ, ನಮ್ ವಾರ್ಡು ಮಹಿಳೆಗೆ ಬಂದದೆ ಕಣೇ. ಈ ಸಲವೂ ನೀನೇ.”

“ನಾನೇ ಅಂದ್ರೆ?”

“ನೀನೇ ನಿಂತ್ಕೊಳೋದು.”

ದೇವಿರಮ್ಮ ರೊಟ್ಟಿ ಮಗುಚಿ ಹಾಕಿದರು. “ನಿಂತ್ಕೊಳೋಳು ನಾನು, ಸರಿ. ಕೂತ್ಕೊಳೋರು ಯಾರು?”

“ಎಲ್ಲಿ?”

“ಕುರ್ಚೀಲಿ.”

ಕೆಂಪಯ್ಯನವರು ನಕ್ಕರು. ತಿಂಡಿಗೆ ಕೂತಿದ್ದ ಮಗ ಸುನಿಲನೂ ನಕ್ಕ, ಹೆಂಡತಿ ನಗುತ್ತಿಲ್ಲವೆಂದು ಕಂಡು ಅರ್ಧಕ್ಕೇ ನಿಲ್ಲಿಸಿದ.

“ತಮಾಷೆಗೆ ಕೇಳ್ತಿಲ್ಲ” ಎಂದರು ದೇವಿರಮ್ಮ. “ಈ ಸಲ ಗೆದ್ರೆ ನಾನೇ ಕೂರ್ತೀನಿ, ನಾನೇ ಮಾತಾಡ್ತೀನಿ. ನೀವು ಸುಮ್ನಿರಬೇಕು. ಮನೇಲೇ ಸುಮ್ನಿರಕ್ಕಾಗದೋರು ಮೀಟಿಂಗಲ್ಲಿ ಸುಮ್ನಿರ್ತೀರಾ ಅಂತ ನನಗೆ ಅನುಮಾನ. ಅದಕ್ಕೆ ಮೊದಲು ಮನೇಲಿ ಆಗ್ಲಿ. ಕೊನೇ ಪಟ್ಟಿ ಬರೋವರ್ಗೂ ಈ ಮನೇನ ನಾವು ನಡಿಸ್ತೀವಿ. ನೀವು ಯಾವ್ದಕ್ಕೂ ಬಾಯಿ ಹಾಕಬಾರದು. ಹಾಕ್ದೆ ಇದ್ರೆ ನಾಮಪತ್ರಕ್ಕೆ ರುಜು ಮಾಡ್ತೀನಿ. ಹಾಕಿದ್ರೆ ಕೆಳಗಿನ ಬೀದಿ ಕಾಳಯ್ಯನ ಹೆಂಡ್ತೀನ ನಿಲ್ಲಿಸ್ಕೊಳಿ.”

ಕೆಂಪಯ್ಯನವರು ಲೆಕ್ಕ ಹಾಕಿದರು. ಪಟ್ಟಿ ಬರಲು ಹೆಚ್ಚೆಂದರೆ ಒಂದು ತಿಂಗಳು. ಒಂದು ತಿಂಗಳು ಹಲ್ಲು ಕಚ್ಚಿಕೊಂಡಿದ್ದರೆ ಮತ್ತೆ ಐದು ವರ್ಷ ಮೆಂಬರು. ಗೆದ್ದ ಮೇಲೆ ಈ ಮಾತನ್ನೆಲ್ಲ ಯಾರು ನೆನಪಿಟ್ಟುಕೊಂಡಿರುತ್ತಾರೆ?

“ಆಯ್ತು ಬುಡು” ಎಂದರು ದೊಡ್ಡ ಮನಸ್ಸಿನಿಂದ.

ಅವತ್ತು ಸಂಜೆಯೇ ಹಾಲಿನಲ್ಲಿ ಸಭೆ ಸೇರಿತು. ಮೊಮ್ಮಗಳು ಗಗನ ಬಿ.ಎ. ಓದುವವಳು, ಪರೀಕ್ಷೆಗೆಂದು ಇದೇ ಪಾಠ ಉರು ಹೊಡೆಯುತ್ತಿದ್ದಳು. “ಎಪ್ಪತ್ಮೂರನೇ ತಿದ್ದುಪಡಿ ಹಳ್ಳಿಗೆ, ಎಪ್ಪತ್ನಾಲ್ಕನೇದು ಪಟ್ಟಣಕ್ಕೆ. ಇದು ಎಪ್ಪತ್ನಾಲ್ಕೂವರೆ, ನಮ್ಮನೆಗೆ” ಎಂದು ಸಭೆಯನ್ನು ಆರಂಭಿಸಿದಳು. ಅಡುಗೆ ಏನೆಂದು ತೀರ್ಮಾನಿಸುವುದು ಶಾಲಿನಿಗೆ ಬಂತು. ನೀರು ಸುನಿಲನಿಗೆ. ಟಿವಿ, ಪೇಪರು, ಫ್ಯಾನು, ಲೈಟು ಗಗನಳಿಗೆ. ಎಲ್ಲರ ಮೇಲೆ ದೇವಿರಮ್ಮ.

“ನಂಗೆ?” ಎಂದರು ಕೆಂಪಯ್ಯ.

“ನೀವು ಮತದಾರರು ತಾತ. ಪ್ರಜಾಪ್ರಭುತ್ವದಲ್ಲಿ ಮತದಾರನೇ ಪ್ರಭು.”

ಪ್ರಭುಗಳಿಗೆ ಅವತ್ತು ರಾತ್ರಿ ಚಪಾತಿ ಬಡಿಸಿದರು. ಮುದ್ದೆ ಇರಲಿಲ್ಲ.

ಮೋಟರಿನ ಸ್ವಿಚ್ಚು ಇದ್ದದ್ದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ಗೂಡಿಗೆ ಬೀಗ, ಬೀಗದ ಕೈ ಕೆಂಪಯ್ಯನವರ ಉಡಿದಾರದಲ್ಲಿ. ಮಾರನೇ ದಿನ ಬೆಳಿಗ್ಗೆ ಸುನಿಲ ಬಂದು ಕೈ ಚಾಚಿದ. “ಅಪ್ಪ, ಬೀಗದ ಕೈ ಕೊಡಿ.”

“ಜವಾಬ್ದಾರಿ ನಿಂದೇ ಕಣೋ, ಅದರಲ್ಲಿ ಎರಡು ಮಾತಿಲ್ಲ. ಬೀಗದ ಕೈ ನನ್ನತ್ರ ಇರ್ಲಿ, ನೀನು ಕಳ್ದಾಕ್ಬುಡ್ತೀಯ. ಬೇಕಾದಾಗ ಕೇಳು, ಕೊಡ್ತೀನಿ.”

ಹೀಗೆಂದು ಕೆಂಪಯ್ಯನವರು ಟೀ ಅಂಗಡಿಗೆ ನಡೆದುಬಿಟ್ಟರು. ಸುನಿಲ ಕೆಲಸ ಮಾಡುವುದು ಹೆಬ್ಬಾಳದ ಕಡೆ ಒಂದು ಫ್ಯಾಕ್ಟರಿಯಲ್ಲಿ, ಅವನಿಗೆ ಅಂದು ಎರಡನೇ ಪಾಳಿ. ಶಾಲಿನಿ ಜಯಲಕ್ಷ್ಮಿಪುರಂನ ಒಂದು ಶಾಲೆಯಲ್ಲಿ ಟೀಚರು, ಬೆಳಿಗ್ಗೆ ಬೇಗ ಹೊರಡಬೇಕು. ಅವಳು ತಲೆಗೆ ಶಾಂಪೂ ಹಾಕಿಕೊಂಡು ಮಗ್ಗು ನೀರು ಎತ್ತುವ ಹೊತ್ತಿಗೆ ನಲ್ಲಿ ‘ಸೊಯ್’ ಎಂದು ಗಾಳಿ ಬಿಟ್ಟಿತು.

“ನೀರಿನ ಇಲಾಖೆ ಯಾರದ್ರೀ ಈ ಮನೇಲಿ?” ಬಚ್ಚಲಿನಿಂದ ಕೂಗು ಕೇಳಿತು.

“ನಂದೇ” ಎಂದ ಸುನಿಲ ಹೊರಗಿನಿಂದ.

“ಮೋಟ್ರು ಹಾಕಿ ಮತ್ತೆ.”

“ಇಲಾಖೆ ನಂದು, ಬೀಗದ ಕೈ ಅಪ್ಪನ ಉಡಿದಾರದಲ್ಲಿದೆ. ಅಪ್ಪ ಸರ್ಕಲ್ಲಲ್ಲಿದಾರೆ.”

ಕೆಂಪಯ್ಯನವರು ಪೂಜಾರಿ ಗಾದೆಯನ್ನು ಟೀ ಅಂಗಡಿಯವರಿಗೆ ಇನ್ನೊಂದು ಸಲ ಒಪ್ಪಿಸಿ ನೆಮ್ಮದಿಯಾಗಿ ಮನೆಗೆ ಬಂದರೆ, ನಡುಮನೆಯಲ್ಲಿ ಸೊಸೆ ನೊರೆ ತುಂಬಿದ ತಲೆಗೆ ಟವೆಲು ಸುತ್ತಿಕೊಂಡು ನಿಂತಿದ್ದಾಳೆ. ಪಕ್ಕದಲ್ಲಿ ದೇವಿರಮ್ಮ.

“ಇವತ್ತು ಟೀ ಅಂಗಡೀಲಿ ಏನು ಮಾತಾಡಿದ್ರಿ?” ಎಂದರು ದೇವಿರಮ್ಮ.

“ಅದೇ, ಮಾಮೂಲಿ.”

“ಮಾಮೂಲಿ ಅಂದ್ರೆ? ಕೆಲ್ಸ ವಹಿಸಿ ಕೀಲಿ ಕೊಡಲ್ಲ ಅಂತ ಸರ್ಕಾರಾನ ಬಯ್ದ್ರಾ?”

ಕೆಂಪಯ್ಯನವರು ಪಂಚೆ ಸಡಿಲಿಸಿ ಉಡಿದಾರಕ್ಕೆ ಕೈ ಹಾಕಿದರು. ಎಷ್ಟೋ ವರ್ಷದ ಗಂಟು, ಬೆವರು ಕುಡಿದು ಕಲ್ಲಾಗಿತ್ತು. ಉಗುರಿನಲ್ಲಿ ಕೆದಕಿದರೂ ಬಿಚ್ಚಲಿಲ್ಲ. ಶಾಲಿನಿ ಒಳಗೆ ಹೋಗಿ ಕತ್ತರಿ ತಂದು ಮಾವನ ಕೈಗೆ ಕೊಟ್ಟಳು.

ಬೀಗದ ಕೈ ಹೋದ ಮೇಲೆ ಸೊಂಟವೇ ಹಗುರಾದಂತಾಗಿ ಕೆಂಪಯ್ಯನವರಿಗೆ ಎರಡು ದಿನ ಊಟ ಸೇರಲಿಲ್ಲ. ಊಟವಾದರೂ ಎಂಥದು? ಒಂದು ದಿನ ನೂಡಲ್ಸು, ಒಂದು ದಿನ ಓಟ್ಸಿನ ಉಪ್ಪಿಟ್ಟು. ಅದಕ್ಕಿಂತ ಹೊಟ್ಟೆಗೆ ಬೆಂಕಿ ಬಿದ್ದದ್ದು ಏನೆಂದರೆ, ಅವರ ಮಾತಿಲ್ಲದೆಯೇ ಮನೆ ನಡೆಯುತ್ತಿತ್ತು. ಟ್ಯಾಂಕು ಒಂದು ಸಲವೂ ಖಾಲಿಯಾಗಲಿಲ್ಲ, ತುಂಬಿ ಸುರಿಯಲೂ ಇಲ್ಲ. ಮೊದಲು ವಾರಕ್ಕೊಂದು ಸಲವಾದರೂ ಸುರಿದು ಪಕ್ಕದ ಮನೆಯವರು ಬಂದು ಹೇಳಬೇಕಾಗುತ್ತಿತ್ತು.

ಬಾಯಿಗೆ ಬೀಗ ಬಿದ್ದರೇನು, ಗಂಟಲಿಗೆ ಬಿದ್ದಿರಲಿಲ್ಲ. ಒಂದು ಶನಿವಾರ ಶಾಲಿನಿ ಅಡುಗೆಮನೆಯಲ್ಲಿ, “ಅತ್ತೆ, ಬಸ್ಸಾರು ಬೇಡ, ಇವತ್ತು ಪಲಾವ್ ಮಾಡ್ಬಿಡ್ಲಾ?” ಎಂದು ಕೇಳಿದಳು.

ಹಾಲಿನಿಂದ ಕೆಮ್ಮು ಬಂತು. ಒಂದು. ಸ್ವಲ್ಪ ಬಿಟ್ಟು ಇನ್ನೊಂದು.

“ನಾಳೆ ನೋಡಾಣ ಬುಡಮ್ಮ” ಎಂದುಬಿಟ್ಟರು ದೇವಿರಮ್ಮ.

ಅಂದೇ ಮಧ್ಯಾಹ್ನ ಗಗನ, “ಅಜ್ಜಿ, ಭಾನುವಾರ ಫ್ರೆಂಡ್ಸ್ ಜೊತೆ ಬೆಟ್ಟ ಹತ್ತಕ್ಕೆ ಹೋಗ್ಲಾ?” ಎಂದಳು. ಹಾಲಿನಲ್ಲಿ ಒಂದೇ ಒಂದು ಕೆಮ್ಮು. “ಹೋಗ್ಬಾ” ಎಂದರು ದೇವಿರಮ್ಮ, ಸೊಪ್ಪು ಬಿಡಿಸುತ್ತ, ತಲೆಯೆತ್ತದೆ.

ಶಾಲಿನಿ ಸೌಟು ಹಿಡಿದವಳು ಹಾಗೇ ನಿಂತಳು. “ಅತ್ತೆ, ಇದೇನಿದು ಕೆಮ್ಮು?”

ದೇವಿರಮ್ಮ ಒಂದು ಕ್ಷಣ ಬೆಚ್ಚಿ, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪಂಚಾಯಿತಿ ಕಾಲದ ಗುಟ್ಟು ಅವತ್ತು ಹೊರಬಿತ್ತು. ಅವರ ಅವಧಿಯ ನಡುವೆ ಒಬ್ಬ ಬಿಗಿಯಾದ ಅಧಿಕಾರಿ ಬಂದು, ಅಧ್ಯಕ್ಷೆಯರ ಗಂಡಂದಿರು ಮೀಟಿಂಗಿನಲ್ಲಿ ಕೂರಬಾರದೆಂದು ಆರ್ಡರು ಮಾಡಿದ್ದರು. ಕೆಂಪಯ್ಯನವರು ಆರ್ಡರಿಗೆ ತಲೆಬಾಗಿ ಹೊರಗಿನ ಜಗಲಿಯಲ್ಲಿ, ಸರಿಯಾಗಿ ಕಿಟಕಿಯ ಕೆಳಗೆ ಕೂತರು. ಒಳಗೆ ಒಂದೊಂದು ವಿಷಯ ಓದಿದಾಗಲೂ ಇವರು ಕೆಮ್ಮುವುದು. ಒಂದು ಕೆಮ್ಮಿಗೆ ಒಪ್ಪಿಗೆ. ಎರಡು ಕೆಮ್ಮಿದರೆ ಮುಂದಿನ ಸಭೆಗೆ. ಮುಂದಿನ ಸಭೆಯಲ್ಲೂ ಎರಡೇ ಕೆಮ್ಮು ಬಂದರೆ ಆ ವಿಷಯದ ತಿಥಿ ಆದಂತೆ.

“ಹಾಗಾದ್ರೆ ಕೆಮ್ಮೂ ಮಾತೇ” ಎಂದಳು ಶಾಲಿನಿ. ಸಂಜೆಗೇ ಸಭೆ ಸೇರಿತು.

“ಮನುಷ್ಯ ಸ್ವಂತ ಮನೇಲಿ ಕೆಮ್ಮಂಗೂ ಇಲ್ವೇನಮ್ಮ?” ಎಂದರು ಕೆಂಪಯ್ಯ.

“ಕೆಮ್ಮಿ ಮಾವ, ಯಾರು ಬೇಡ ಅಂದ್ರು? ಅಂಗಳದಲ್ಲಿ ಕೆಮ್ಮಿ, ಎಷ್ಟು ಬೇಕಾದ್ರೂ ಕೆಮ್ಮಿ.”

“ಒಂದ್ವೇಳೆ ನಿಜವಾದ ಕೆಮ್ಮು ಬಂದ್ರೆ?”

“ನಿಜವಾದ್ದಕ್ಕೆ ಅಂಗಳ ಇನ್ನೂ ಒಳ್ಳೇದು. ಗಾಳಿ ಬರುತ್ತೆ.”

ಹೀಗಾಗಿ ಕೆಂಪಯ್ಯನವರು ಅಂಗಳದ ದಾಸವಾಳದ ಗಿಡದ ಪಕ್ಕಕ್ಕೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಒಳಗೆ ಏನಾದರೂ ತೀರ್ಮಾನ ನಡೆಯುತ್ತಿದೆಯೆಂಬ ಗುಮಾನಿ ಬಂದಾಗಲೆಲ್ಲ ಹಠಕ್ಕೆ ಕೆಮ್ಮುತ್ತಿದ್ದರು. ಒಳಗಿನವರಿಗೆ ಅದು ಕೇಳಿಸಲಿಲ್ಲ, ಬೀದಿಯವರಿಗೆ ಕೇಳಿಸಿತು. ಅಧ್ಯಕ್ಷರಿಗೆ ಕೆಮ್ಮು ಹತ್ತಿದೆಯಂತೆ, ಬಿಡುತ್ತಲೇ ಇಲ್ಲವಂತೆ ಎಂದು ಸುದ್ದಿಯಾಯಿತು. ಎದುರು ಮನೆಯವರು ತುಳಸಿ ಕಷಾಯ ಕಳಿಸಿದರು. ಆಚೆ ಮನೆಯವರು ಎಕ್ಸ್‌ರೇ ತೆಗೆಸಿ ಎಂದರು. ಕಷಾಯ ಬೇಡವೆನ್ನಬೇಕಾದರೆ ಕೆಮ್ಮಿನ ನಿಜ ಹೇಳಬೇಕು. ಕೆಂಪಯ್ಯನವರು ಕಣ್ಣು ಮುಚ್ಚಿ ಮೂಗು ಹಿಡಿದು ಎಲ್ಲರ ಮನೆಯ ಕಷಾಯವನ್ನೂ ಕುಡಿದರು.

ಕೆಳಗಿನ ಬೀದಿಯ ಕಾಳಯ್ಯ ಖುದ್ದು ಬಂದ. ಅವನ ಕೈಯಲ್ಲಿ ಹಸಿ ಶುಂಠಿ, ಬೆಲ್ಲ.

“ನೀವು ಚೆನ್ನಾಗಿರ್ಬೇಕು ಅಧ್ಯಕ್ರೇ. ಆ ಕಾಲದಲ್ಲಿ ನಮ್ ಬೀದಿಗೆ ನಲ್ಲಿ ಆಕ್ಸಿದೋರು ನೀವು. ನಾವು ನಿಮಗೆ ಓಟಾಕಿರ್ನಿಲ್ಲ, ಆದ್ರೂ ಆಕ್ಸಿದ್ರಿ. ನಮ್ ಮನೆಯೋಳು ಈಗ್ಲೂ ನಲ್ಲಿ ತಾವ ಬಿಂದಿಗೆ ಇಕ್ಕುವಾಗ ನಿಮ್ ಹೆಸ್ರು ಏಳ್ತಾಳೆ.”

ಕೆಂಪಯ್ಯನವರು ಎಂದಿನಂತೆ ಕಣ್ಣು ಅರೆ ಮುಚ್ಚಿ, “ಜನಸೇವೆ ಕಾಳಯ್ಯ, ಅದ್ರಲ್ಲೇನಿದೆ” ಎಂದರು.

ಅದರಲ್ಲಿ ಏನಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗಿನ ಬೀದಿಯ ನಲ್ಲಿಯ ವಿಷಯ ಅಂದು ಪಂಚಾಯಿತಿ ಮೀಟಿಂಗಿನಲ್ಲಿ ಓದಿದಾಗ ಅವರು ಎರಡು ಕೆಮ್ಮಲು ತೀರ್ಮಾನಿಸಿಯೇ ಕೂತಿದ್ದರು. ಓಟು ಹಾಕದ ಬೀದಿಗೆ ನೀರು ಯಾಕೆ? ಕೈಯಲ್ಲಿ ಒಳಗಿನಿಂದ ಕಳಿಸಿದ ಬೋಂಡಾದ ತಟ್ಟೆ. ಬಾಯಲ್ಲಿ ಬೋಂಡಾ ಇದ್ದಂತೆಯೇ ಮೊದಲನೇ ಕೆಮ್ಮು ಕೆಮ್ಮಿದರು. ಎರಡನೆಯದಕ್ಕೆ ಉಸಿರೆಳೆದಾಗ ಬೋಂಡಾದೊಳಗಿನ ಮೆಣಸಿನಕಾಯಿ ಗಂಟಲಿಗೆ ಸಿಕ್ಕಿಕೊಂಡು ಉಸಿರೇ ನಿಂತಿತು. ಜವಾನ ಓಡಿ ಬಂದು ಬೆನ್ನಿಗೆ ಗುದ್ದಿ ಗುದ್ದಿ, ಕಣ್ಣಲ್ಲಿ ಮೂಗಲ್ಲಿ ನೀರು ಇಳಿದು, ಗಂಟಲು ತೆರೆಯುವಷ್ಟರಲ್ಲಿ ಒಳಗೆ ದೇವಿರಮ್ಮ ಒಂದೇ ಕೆಮ್ಮೆಂದು ರುಜು ಹಾಕಿ ಮುಗಿಸಿದ್ದರು. ಅವತ್ತು ಹೆಂಡತಿಯನ್ನು ಚೆನ್ನಾಗಿ ಬೈದಿದ್ದರು. ಆಮೇಲೆ ಕೆಳಗಿನ ಬೀದಿಯವರು ಹಾರ ತಂದಾಗ ಕುತ್ತಿಗೆ ಬಗ್ಗಿಸಿದ್ದರು.

ಕಾಳಯ್ಯನ ಹೊಗಳಿಕೆ ತಲೆಗೇರಿತ್ತೋ ಏನೋ, ರಾತ್ರಿ ಊಟಕ್ಕೆ ಕೂತಾಗ ಕೆಂಪಯ್ಯನವರು ಸೊಸೆಯ ಎದುರಿಗೆ ಹೆಂಡತಿಯನ್ನು ಕಿಚಾಯಿಸಿದರು. “ಇವಳು ಅಧ್ಯಕ್ಷೆಯಾಗಿ ಮಾಡಿದ್ದು ಅಂದ್ರೆ ಒಂದೇ ಕಣಮ್ಮ. ಒಂದು ಕೆಮ್ಮು ಯಾವ್ದು, ಎರಡು ಕೆಮ್ಮು ಯಾವ್ದು ಅಂತ ಲೆಕ್ಕ ತಪ್ಪಿ ಕೆಳಗಿನ ಬೀದಿಗೆ ನೀರು ಬುಟ್ಬುಟ್ಳು.”

“ಲೆಕ್ಕ ತಪ್ಪಿರ್ಲಿಲ್ಲ” ಎಂದರು ದೇವಿರಮ್ಮ, ಸಾರು ಬಡಿಸುತ್ತ.

“ಅಂಗಂದ್ರೆ?”

“ಎರಡನೇ ಕೆಮ್ಮು ಬತ್ತದೆ ಅಂತ ನನಗೆ ಗೊತ್ತಿತ್ತು. ಹಿಂದಿನ ರಾತ್ರಿನೇ ನೀವು ಗೊಣಗ್ತಿದ್ರಿ. ಅದಕ್ಕೇ ಬೋಂಡಾ ಕಳ್ಸಿದ್ದು.”

ಕೆಂಪಯ್ಯನವರ ಕೈಯಲ್ಲಿದ್ದ ತುತ್ತು ನಿಂತಿತು. “ಮೆಣಸಿನಕಾಯಿ?”

“ಮನೇಲಿ ಕರಿಯುವಾಗ್ಲೇ ಇಡೀದು ಇಟ್ಟಿದ್ದೆ. ನಿಮ್ ತಟ್ಟೇದಕ್ಕೆ ಮಾತ್ರ.”

ಗಗನ ನಗು ತಡೆಯಲಾರದೆ ಎದ್ದು ಕೈ ತೊಳೆಯಲು ಹೋದಳು. ಸುನಿಲ ತಟ್ಟೆ ನೋಡಿಕೊಂಡು ಕೂತ.

“ನಾನು ಉಸಿರು ಕಟ್ಟಿ ಸಾಯ್ತಿದ್ದೆ ಕಣೇ.”

“ಜವಾನನಿಗೆ ಮೊದಲೇ ಹೇಳಿ ಕೂರ್ಸಿದ್ದೆ, ಪಕ್ಕದಲ್ಲೇ ಇರು ಅಂತ.” ದೇವಿರಮ್ಮ ಸಾರಿನ ಪಾತ್ರೆ ಕೆಳಗಿಟ್ಟರು. “ಬ್ಯಾಸ್ಗೇಲಿ ಆ ಬೀದಿ ಹೆಂಗಸ್ರು ಬಿಂದಿಗೆ ಹಿಡ್ಕೊಂಡು ನಮ್ ಬೋರ್‌ವೆಲ್ ತಾವ ಬಂದು ನಿಂತ್ಕೊಳೋರು. ನೀವು ಮೋಟ್ರು ಆರಿಸಿ ಮಲಿಕ್ಕೊಳ್ಳೋರು. ಅವ್ರು ಕಾದು ಕಾದು ನನ್ ಮುಖ ನೋಡೋರು. ಅಧ್ಯಕ್ಷೆ ನಾನಲ್ವಾ? ನನಗೆ ಅನ್ನ ಇಳೀತಿರ್ಲಿಲ್ಲ.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನಲ್ಲಿ ಬಂತಲ್ಲ, ಹೆಸರು ಯಾರಿಗೆ ಹೋದ್ರೇನು ಅಂದ್ಕೊಂಡಿದ್ದೆ. ಈಗ ಹಂಗನ್ಸಲ್ಲ.”

ಕೆಂಪಯ್ಯನವರಿಗೆ ಸಿಟ್ಟು ಬಂತು. ಮಾರನೆಯ ದಿನವೂ ಇತ್ತು. ಮೂರನೆಯ ದಿನ ಸಿಟ್ಟಿನ ಜಾಗದಲ್ಲಿ ನಾಚಿಕೆ ಬಂದು ಕೂತಿತು, ಅದು ಸಿಟ್ಟಿಗಿಂತ ಕಷ್ಟ. ಕೆಳಗಿನ ಬೀದಿಯಲ್ಲಿ ನಡೆದು ಹೋಗುವಾಗ ಯಾವಳಾದರೂ ಬಿಂದಿಗೆ ಹಿಡಿದು ನಿಂತಿದ್ದರೆ, ನಮಸ್ಕಾರ ಮಾಡಿಯಾಳೆಂಬ ಭಯಕ್ಕೆ ದಾರಿ ಬದಲಿಸಿದರು. ಅಂಗಳದ ಕೆಮ್ಮೂ ನಿಂತಿತು. ಕಷಾಯ ಹಿಡಿಯಿತು ಎಂದರು ಎದುರು ಮನೆಯವರು.

ಹೀಗಿರುವಾಗ ಕೊನೇ ಪಟ್ಟಿ ಬಂತು. ಆಕ್ಷೇಪಣೆ, ತಕರಾರು ಎಲ್ಲ ಮುಗಿದು ವಾರ್ಡು ಮಹಿಳೆಯಿಂದ ಸಾಮಾನ್ಯಕ್ಕೆ ಬದಲಾಗಿತ್ತು. ಕಾಳಯ್ಯ ಫೋನಿನಲ್ಲಿ ಕೂಗಿದ್ದು ಅಡುಗೆಮನೆಗೂ ಕೇಳಿಸಿತು. “ಅಧ್ಯಕ್ರೇ, ಈಗ ನೀವೇ ನಿಂತ್ಕಬೋದು. ಇನ್ನು ಎಂಗಸ್ರೇ ಆಗ್ಬೇಕು ಅಂತಿಲ್ಲ. ನಾಳೆ ನಾವೆಲ್ಲ ಆರ ತಕ್ಕೊಂಡು ಬತ್ತೀವಿ.”

ಕೆಂಪಯ್ಯನವರು ಫೋನು ಹಿಡಿದೇ ಷರಟಿನ ಕಾಲರು ಸರಿಮಾಡಿಕೊಂಡರು. ಅವರದೇ ಹೆಸರು, ಅವರದೇ ಫೋಟೋ, ಅವರದೇ ರುಜು. ಜೀವಮಾನದಲ್ಲಿ ಇದುವರೆಗೆ ಅಧ್ಯಕ್ಷರೆನಿಸಿಕೊಂಡದ್ದೇ ಹೊರತು ಯಾವ ಕಾಗದದಲ್ಲೂ ಆಗಿದ್ದವರಲ್ಲ. ಫೋನಿಟ್ಟು ತಲೆಯೆತ್ತಿದರೆ ಮನೆಯವರೆಲ್ಲ ಅವರನ್ನೇ ನೋಡುತ್ತಿದ್ದರು.

ಸುನಿಲ ಎದ್ದು ಬಂದು ಮೋಟರಿನ ಬೀಗದ ಕೈಯನ್ನು ಟೀಪಾಯಿಯ ಮೇಲಿಟ್ಟ. ಯಾರೂ ಕೇಳಿರಲಿಲ್ಲ.

ಶಾಲಿನಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು. “ಮಾವ, ಇವತ್ತು ಏನು ಸಾರು ಮಾಡ್ಲಿ?”

ಈ ಪ್ರಶ್ನೆಗಾಗಿ ತಿಂಗಳಿಂದ ಬಾಯಿ ಕಟ್ಟಿ ಕೂತಿದ್ದವರು ಅವರು. ಉಪ್ಸಾರು ಎಂದರೆ ಉಪ್ಸಾರು, ಮುದ್ದೆ ಎಂದರೆ ಮುದ್ದೆ. ಅವರು ದೇವಿರಮ್ಮನ ಕಡೆ ನೋಡಿದರು.

“ಒಳ್ಳೇದಾಯ್ತು ಬುಡಿ” ಎಂದರು ದೇವಿರಮ್ಮ. “ನನಗೂ ಮಂಡಿ ನೋವು.” ಹೀಗೆಂದವರೇ ಹಿತ್ತಿಲಿಗೆ ಹೋಗಿ ಒಗೆದ ಬಟ್ಟೆ ತೆಗೆಯತೊಡಗಿದರು. ಬಟ್ಟೆ ಒಣಹಾಕಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ನೀರು ತೊಟ್ಟಿಕ್ಕುವ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಅವರು ಗೋಡೆ ಕಡೆ ಮುಖ ಮಾಡಿ ನಿಂತದ್ದು ಕಿಟಕಿಯಿಂದ ಕಂಡಿತು.

“ನಿಮ್ಮತ್ತೇನ ಕೇಳಮ್ಮ” ಎಂದರು ಕೆಂಪಯ್ಯ. ದನಿ ಸಣ್ಣದಾಗಿತ್ತು.

ಮಾರನೇ ದಿನ, ಭಾನುವಾರ ಬೆಳಿಗ್ಗೆ, ಕಾಳಯ್ಯನ ಹಿಂದೆ ಏಳೆಂಟು ಜನ ಬಂದರು, ಎಲ್ಲರೂ ಗಂಡಸರು. ಹಾಲಿನ ತುಂಬ ಚಪ್ಪಲಿಯಿಲ್ಲದ ಕಾಲು, ಮಲ್ಲಿಗೆಯ ವಾಸನೆ. ಕೆಂಪಯ್ಯನವರು ಬೆತ್ತದ ಕುರ್ಚಿಯಲ್ಲಿದ್ದರು.

“ನಿಂತ್ಕತ್ತೀನಿ ಅಂತ ಒಂದ್ ಮಾತು ಏಳ್ಬುಡಿ, ಸಾಕು” ಎಂದ ಕಾಳಯ್ಯ, ಹಾರ ಬಿಡಿಸುತ್ತ.

“ನಾನ್ಯಾಕೆ ನಿಲ್ಬೇಕು ಕಾಳಯ್ಯ? ನಿನಗೆ ಏನ್ ಮಾಡಿದೀನಿ?”

“ಇದೇನ್ ಇಂಗ್ ಕೇಳ್ತೀರಿ. ನಲ್ಲಿ ಆಕ್ಸಿದ್ರಲ್ಲ.”

“ಅದು ನಾನು ಹಾಕ್ಸಿದ್ದಲ್ಲ.”

ಎಲ್ಲರೂ ನಕ್ಕರು. ದೊಡ್ಡವರು ಹೀಗೆ ಹೇಳುವುದು ಮರ್ಯಾದೆ ತಾನೆ.

“ನಗಬ್ಯಾಡಿ” ಎಂದರು ಕೆಂಪಯ್ಯ. “ಅದನ್ನ ನಿಲ್ಸಕ್ಕೆ ಅಂತ್ಲೇ ಕೂತಿದ್ದೋನು ನಾನು. ನಿಮ್ ಬೀದಿ ನಮಗೆ ಓಟ್ ಹಾಕ್ಲಿಲ್ಲ ಅಂತ. ಹಾಕ್ಸಿದೋಳು ಇವ್ಳು. ನನ್ ಗಂಟ್ಲು ಕಟ್ಟಿ ಹಾಕ್ಸಿದ್ಲು.”

ಕಾಳಯ್ಯನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ದಾರಿ ತಪ್ಪಿ ಓಡಾಡಿ ಮಾಯವಾಯಿತು. ಹಿಂದೆ ನಿಂತಿದ್ದ ವಯಸ್ಸಾದವರೊಬ್ಬರು, “ಥೂ, ಕುಡಿಯೋ ನೀರಿಗಾ” ಎಂದದ್ದು ಕೆಂಪಯ್ಯನವರಿಗೆ ಕೇಳಿಸಿತು. ಆದರೆ ಬಾಯಿಬಿಟ್ಟಾಗಿತ್ತು.

“ಮತ್ತೆ ನಮ್ ಮನೆಯೋಳು ಇಷ್ಟು ವರ್ಷ ನಿಮ್ ಹೆಸ್ರು...” ಎಂದ ಕಾಳಯ್ಯ.

“ಅವಳಿಗೂ ಹೇಳ್ಬುಡು.”

“ಈಗ ಏನ್ ಮಾಡದು? ವಾರ್ಡು ಸಾಮಾನ್ಯ ಆಗೋಯ್ತಲ್ಲ. ಗಂಡಸ್ರೇ ಬೇಕಲ್ಲ.”

“ಸಾಮಾನ್ಯ ಅಂದ್ರೆ ಗಂಡಸರಿಗೆ ಅಂತಲ್ಲ ಅಂಕಲ್” ಎಂದಳು ಗಗನ. “ಯಾರು ಬೇಕಾದ್ರೂ ನಿಲ್ಬಹುದು.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಅವರಿಗೆ ಹೊಸ ಸುದ್ದಿ. ಕೆಂಪಯ್ಯನವರು ಒಳಬಾಗಿಲ ಕಡೆ ತಿರುಗಿ, “ಏ ಇವ್ಳೇ” ಎಂದವರು, ಅದು ಸರಿಹೋಗಲಿಲ್ಲವೆನಿಸಿ, “ದೇವಿರಮ್ಮ, ಬಾಮ್ಮ ಇಲ್ಲಿ. ಜನ ಬಂದವ್ರೆ” ಎಂದರು.

ದೇವಿರಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ಎಲ್ಲ ಕೇಳಿಸಿಕೊಂಡಿದ್ದ ಮುಖ. ಕಣ್ಣು ಕೆಂಪಗಿತ್ತು. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಯಾರೂ ಕೇಳದೆಯೇ ಹೇಳಿದರು. ಕೆಂಪಯ್ಯನವರು ಎದ್ದು ನಿಂತರು. ಹಾಲಿನಲ್ಲಿ ಖಾಲಿಯಿದ್ದದ್ದು ಆ ಒಂದು ಕುರ್ಚಿಯೇ, ದೇವಿರಮ್ಮ ಅದರಲ್ಲಿ ಕೂತರು. ಕಾಳಯ್ಯ ಹಾರ ಹಿಡಿದು ಮುಂದೆ ಬಂದ.

“ಹಾರ ಆಮೇಲೆ” ಎಂದರು ದೇವಿರಮ್ಮ. “ನಿಮ್ ಬೀದಿ ಚರಂಡಿ ನೀರು ಈಗ ಎಲ್ಲಿಗೆ ಹೋಗಿ ಬೀಳ್ತದೆ, ಅದನ್ನ ಹೇಳಪ್ಪ.”

ಕಾಳಯ್ಯ ತಲೆ ಕೆರೆದುಕೊಂಡ. “ಅದು... ಮುಂದಕ್ಕೆ ಓಯ್ತದೆ.”

“ನಿನ್ ಹೆಂಡ್ತಿಗೆ ಗೊತ್ತಿರ್ತದೆ. ಹೋಗಿ ಕರ್ಕೊಂಬಾ. ನೀವೂ ಅಷ್ಟೇ, ನಿಮ್ಮನೆ ಹೆಂಗಸ್ರನ್ನ ಕರ್ಕೊಂಬನ್ನಿ. ನಿಲ್ಲೋದು ಬುಡೋದು ಆಮೇಲೆ ಮಾತಾಡಾಣ.”

ಅರ್ಧ ಗಂಟೆಯಲ್ಲಿ ಹಾಲಿನ ತುಂಬ ಜನ ಸೇರಿದರು. ಬಂದವರಿಗೆ ಕಾಫಿಯಾಗಬೇಕು. ಶಾಲಿನಿ ಏಳಲು ಹೋದಳು, ಕೆಂಪಯ್ಯನವರು ಕೂತುಕೋ ಎಂದು ಕೈ ಸನ್ನೆ ಮಾಡಿ ತಾವೇ ಅಡುಗೆಮನೆಗೆ ಹೋದರು. ದೊಡ್ಡ ಪಾತ್ರೆ ಸಿಕ್ಕಿತು, ಹಾಲು ಸಿಕ್ಕಿತು, ಒಲೆಯೂ ಎರಡನೇ ಸಲಕ್ಕೆ ಹತ್ತಿತು. ಸಕ್ಕರೆ ಸಿಗಲಿಲ್ಲ. ತಾವೇ ನಿಂತು ಕಟ್ಟಿಸಿದ ಮನೆ, ಅಡುಗೆ ಕಟ್ಟೆಯ ಕಲ್ಲನ್ನೂ ತಾವೇ ಆರಿಸಿ ತಂದದ್ದು. ಅದರ ಮೇಲೆ ಸಾಲಾಗಿ ಕೂತ ಸ್ಟೀಲಿನ ಡಬ್ಬಗಳೆಲ್ಲ ಒಂದೇ ಥರ.

ಕೇಳೋಣವೆಂದು ಬಾಗಿಲಿಗೆ ಬಂದು ಬಾಯಿ ತೆರೆದರು. ಹಾಲಿನಲ್ಲಿ ದೇವಿರಮ್ಮ ಮಾತಾಡುತ್ತಿದ್ದರು. ಚರಂಡಿ ಎಲ್ಲಿ ತಿರುಗಬೇಕೆಂದು ಗಾಳಿಯಲ್ಲಿ ಬೆರಳಿಂದ ಗೆರೆ ಎಳೆದು ತೋರಿಸುತ್ತಿದ್ದರು. ಹೆಂಗಸರು ಹತ್ತಿರ ಸರಿದು ನೋಡುತ್ತಿದ್ದರು, ಮಾತು ಇನ್ನೂ ಅರ್ಧದಲ್ಲಿತ್ತು.

ಕೆಂಪಯ್ಯನವರು ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಬಂದರು. ಮೊದಲನೇ ಡಬ್ಬದ ಮುಚ್ಚಳ ಸದ್ದಾಗದಂತೆ ತೆಗೆದು, ಬೆರಳಲ್ಲಿ ಚಿಟಿಕೆ ಎತ್ತಿ ನಾಲಿಗೆಗೆ ಹಚ್ಚಿ ನೋಡಿದರು. ರವೆ. ಮುಚ್ಚಿ ಪಕ್ಕದ್ದನ್ನು ತೆಗೆದರು.